ಸಿಟ್ಟು ನಾಟಕ ಅಂತಾದರೆ ಆ ನಗು? ಗುರ್ಜಿಯೆಫ್ ಮತ್ತು ಕಾಫಿ ತಂದ ಹುಡುಗ

ಫ್ರಿಟ್ಸ್ ಪೀಟರ್ಸ್ ಅನ್ನೋ ಹುಡುಗ ಕಾಫಿ ಟ್ರೇ ಹಿಡಿದು ಗುರುವಿನ ಕೋಣೆಗೆ ಬಂದಾಗ ಒಳಗೆ ಜೋರು ಕೂಗಾಟ ನಡೆದಿತ್ತು. ಗುರು ಮಂಚದ ಪಕ್ಕ ನಿಂತು ಉರಿಯುತ್ತಿದ್ದ. ಕಿಟಕಿ ಹತ್ತಿರ ಒಬ್ಬ ಎತ್ತರದ ಇಂಗ್ಲಿಷ್ ಮನುಷ್ಯ ಬಿಳಿಚಿಕೊಂಡು ನಿಂತಿದ್ದ. ಎತ್ತರ ಅಂತ ಹೆಸರಿಗೆ, ಆಗ ಆತ ಮುದುಡಿದ ಬಟ್ಟೆಯ ಹಾಗೆ ಕಾಣುತ್ತಿದ್ದ. ಹುಡುಗ ಇಬ್ಬರ ನಡುವೆಯೇ ಹಾದು ಹೋಗಿ ಟ್ರೇ ಇಡಬೇಕಿತ್ತು, ಹೋದ. ಆಗ ಕೂಗಾಟ ಒಂದು ಕ್ಷಣ ನಿಂತಿತು. ಗುರುವಿನ ಮುಖ ಪೂರ್ತಿ ಬದಲಾಯಿತು, ಹುಡುಗನನ್ನು ನೋಡಿ ಅಗಲವಾಗಿ ನಕ್ಕ, ಮಹಾ ಶಾಂತ ಮನುಷ್ಯನ ಹಾಗೆ, ಹೋಗು ಅಂತ ಕೈಸನ್ನೆ ಮಾಡಿದ. ಮರುಕ್ಷಣ ಮತ್ತೆ ಅದೇ ಕೂಗಾಟ, ಒಂದು ಚೂರೂ ಕಮ್ಮಿ ಇಲ್ಲದೆ. ಎದುರಿಗೆ ನಿಂತಿದ್ದವನಿಗೆ ನಡುವೆ ಹೀಗೊಂದು ಬಿಡುವು ಬಂದದ್ದೇ ಗೊತ್ತಾಗಿರಲಿಕ್ಕಿಲ್ಲ, ಅಷ್ಟು ಬೇಗ ನಡೆದುಹೋಯಿತು ಅಂತ ಪೀಟರ್ಸ್ ಬರೆಯುತ್ತಾನೆ.

ಈ ಗುರು ಜಾರ್ಜ್ ಇವಾನೊವಿಚ್ ಗುರ್ಜಿಯೆಫ್. ಬೈಸಿಕೊಳ್ಳುತ್ತಿದ್ದವನು ಎ. ಆರ್. ಒರಾಜ್. ಲಂಡನ್ನಿನಲ್ಲಿ ದೊಡ್ಡ ಹೆಸರು ಮಾಡಿದ್ದ ಪತ್ರಿಕೆಯ ಸಂಪಾದಕ, 1922ರಲ್ಲಿ ಆ ಪತ್ರಿಕೆಯನ್ನೇ ಮಾರಿ ಗುರುವಿನ ಹತ್ತಿರ ಬಂದವನು.

ನಾನು ಈ ಕಥೆಯನ್ನು ಹತ್ತಾರು ಕಡೆ ಓದಿದ್ದೇನೆ. ಹೇಳುವವರೆಲ್ಲ ಒಂದೇ ತೀರ್ಮಾನಕ್ಕೆ ಬರುತ್ತಾರೆ: ನೋಡಿ, ಗುರುವಿನ ಸಿಟ್ಟು ನಿಜವಾದ ಸಿಟ್ಟಲ್ಲ, ನಲ್ಲಿ ತಿರುಗಿಸಿದ ಹಾಗೆ ಬೇಕಾದಾಗ ಬಿಟ್ಟು ಬೇಡವಾದಾಗ ನಿಲ್ಲಿಸಬಲ್ಲ ಶಕ್ತಿ ಅದು. ಸರಿ, ಇರಬಹುದು. ಆದರೆ ಸಿಟ್ಟು ನಾಟಕ ಅಂತಾದರೆ ಆ ನಗು ಮಾತ್ರ ಯಾಕೆ ಅಸಲಿ? ಈ ಪ್ರಶ್ನೆ ಅವರ್ಯಾರೂ ಕೇಳಲ್ಲ. ನನಗೆ ಈ ಪ್ರಕರಣ ಹಿಡಿಸಿದ್ದೇ ಇದರಿಂದ.

ಸ್ವಲ್ಪ ಹಿನ್ನೆಲೆ. ಗುರ್ಜಿಯೆಫ್ ಹುಟ್ಟಿದ್ದು ಇವತ್ತಿನ ಆರ್ಮೇನಿಯಾದ ಗ್ಯುಮ್ರಿ ಊರಿನಲ್ಲಿ. ಅಪ್ಪ ಗ್ರೀಕ್, ಅಮ್ಮ ಆರ್ಮೇನಿಯನ್. ಹುಟ್ಟಿದ ವರ್ಷವನ್ನು ಒಬ್ಬರು 1866 ಅಂದರೆ ಇನ್ನೊಬ್ಬರು 1877 ಅನ್ನುತ್ತಾರೆ, ಆತನೂ ಅದನ್ನು ಸರಿ ಮಾಡಲು ಹೋಗಲಿಲ್ಲ. ರಷ್ಯಾದ ಕ್ರಾಂತಿಯಿಂದ ಶಿಷ್ಯರನ್ನು ಕಟ್ಟಿಕೊಂಡು ತಪ್ಪಿಸಿಕೊಂಡು ಬಂದು, 1922ರಲ್ಲಿ ಪ್ಯಾರಿಸ್ ಹತ್ತಿರದ ಫೊಂಟೇನ್‌ಬ್ಲೋ ಕಾಡಿನ ಪಕ್ಕ ಪ್ರಿಯೂರೆ ಅನ್ನೋ ಹಳೇ ಬಂಗಲೆ ಹಿಡಿದ. ಮನುಷ್ಯ ನಿದ್ದೆಯಲ್ಲಿದ್ದಾನೆ, ಯಂತ್ರದ ಹಾಗೆ ಬದುಕುತ್ತಿದ್ದಾನೆ, ಏಳಬೇಕಾದರೆ ಪೆಟ್ಟು ಬೀಳಬೇಕು, ಇದು ಆತನ ಮಾತಿನ ಸಾರ. ಆ ಪೆಟ್ಟು ಕೊಡುವ ಕೆಲಸವನ್ನು ತಾನೇ ವಹಿಸಿಕೊಂಡ. ಕಥೆಗಾರ್ತಿ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಕ್ಷಯ ಉಲ್ಬಣಿಸಿ 1923ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. ಅದರಿಂದ ಈ ಜಾಗಕ್ಕೆ ಕೆಟ್ಟ ಹೆಸರೂ ಬಂತು, ಪ್ರಚಾರವೂ ಸಿಕ್ಕಿತು.

ಪೀಟರ್ಸ್ ಅಲ್ಲಿಗೆ ಬಂದಿದ್ದು 1924ರಲ್ಲಿ, 11 ವರ್ಷದವನಾಗಿದ್ದಾಗ. ದೊಡ್ಡಮ್ಮ ಮಾರ್ಗರೆಟ್ ಆಂಡರ್ಸನ್ ಮತ್ತು ಆಕೆಯ ಗೆಳತಿ ಜೇನ್ ಹೀಪ್, ಇಬ್ಬರೂ ಅಮೆರಿಕದ ಸಾಹಿತ್ಯ ಪತ್ರಿಕೆ ನಡೆಸಿದವರು, ಹುಡುಗನನ್ನೂ ಅವನ ಅಣ್ಣನನ್ನೂ ಕರೆತಂದರು. ಅಂದರೆ ಇವನು ಸತ್ಯ ಹುಡುಕಿಕೊಂಡು ಬಂದ ಶಿಷ್ಯ ಅಲ್ಲ. ಮನೆ ಸರಿಯಿಲ್ಲದೆ ಬಂದ ಮಗು. ಇದನ್ನು ಮರೆಯಬಾರದು, ಯಾಕೆಂದರೆ ಮುಂದೆ ಅವನು ಕಂಡ ಪ್ರತಿಯೊಂದು ಪವಾಡವನ್ನೂ ಇವನ ಈ ಅನಾಥತನ ಪಕ್ಕದಲ್ಲೇ ಇಟ್ಟುಕೊಂಡು ಓದಬೇಕು.

ಬಂದ ಕೆಲವೇ ದಿನಕ್ಕೆ ಗುರ್ಜಿಯೆಫ್ ಅವನನ್ನು ಕರೆದು ಒಂದು ಕೆಲಸ ಕೊಟ್ಟ. ಬಂಗಲೆಯ ಹುಲ್ಲುಹಾಸು ಕತ್ತರಿಸಬೇಕು. ಏನೇ ಆಗಲಿ, ಯಾರೇ ತಡೆಯಲಿ, ನಿಲ್ಲಿಸಬಾರದು. ಮಾತು ಕೊಡು ಅಂದ. ಹುಡುಗ ಕೊಟ್ಟ. ಆಮೇಲೆ, ಜುಲೈ ಮೊದಲ ಭಾಗದಲ್ಲಿ, ಗುರ್ಜಿಯೆಫ್ ಪ್ಯಾರಿಸ್‌ನಿಂದ ಒಬ್ಬನೇ ಕಾರು ಓಡಿಸಿಕೊಂಡು ಬರುವಾಗ ಮರಕ್ಕೆ ಗುದ್ದಿದ. ಪ್ರಜ್ಞೆ ಇಲ್ಲದೆ ಬಿದ್ದಿದ್ದವನನ್ನು ಕೊನೆಗೆ ಪ್ರಿಯೂರೆಗೆ ತಂದು ಮಲಗಿಸಿದರು. ಬದುಕುತ್ತಾನೋ ಇಲ್ಲವೋ ಅನ್ನೋ ಸ್ಥಿತಿ. ಇಡೀ ಬಂಗಲೆ ಪಿಸುಮಾತಿನಲ್ಲಿ ಓಡಾಡುತ್ತಿತ್ತು. ಅವರ ಮಧ್ಯೆ ಈ ಹುಡುಗ ಒಬ್ಬ, ಗುರುವಿನ ಕಿಟಕಿ ಕೆಳಗೇ, ಕಟಕಟ ಅಂತ ಯಂತ್ರ ತಳ್ಳುತ್ತಾ ಹುಲ್ಲು ಕತ್ತರಿಸುತ್ತಿದ್ದ. ದೊಡ್ಡವರು ಬಂದು ನಿಲ್ಲಿಸು ಅಂದರು. ಈ ಸದ್ದಿಗೇ ಅವರ ಪ್ರಾಣ ಹೋದೀತು ಅಂದರು. ಮಾತು ಕೊಟ್ಟಿದ್ದೇನೆ, ನಿಲ್ಲಿಸಲ್ಲ ಅಂದ ಹುಡುಗ. ಆ ದಿನಗಳಲ್ಲಿ ಗುರುವಿನ ಜೀವ ತನ್ನ ಯಂತ್ರದ ಮೇಲೇ ನಿಂತಿದೆ ಅನ್ನಿಸಿತ್ತು ಅವನಿಗೆ. 11 ವರ್ಷದ ಮಗುವಿನ ತಲೆಗೆ ಇಂಥದ್ದು ಹೊಕ್ಕರೆ ಅದು ಜನ್ಮಕ್ಕೂ ಹೊರಗೆ ಬರುತ್ತಾ?

ಗುರು ಬದುಕಿದ. ಕಪ್ಪು ಕನ್ನಡಕ ಹಾಕಿಕೊಂಡು ನಿಧಾನವಾಗಿ ಹೊರಗೆ ಬಂದ. ಹುಡುಗನಿಗೆ ಶಭಾಷ್ ಅಂದು ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಬಿಡಲಿಲ್ಲ. ನಾಲ್ಕು ದಿನ ಹಿಡಿಯುವ ಕೆಲಸವನ್ನು ಮೂರು ದಿನದಲ್ಲಿ ಮಾಡು, ಆಮೇಲೆ ಎರಡು, ಕೊನೆಗೆ ಒಂದೇ ದಿನ. ಹುಡುಗ ಅದನ್ನೂ ಮಾಡಿದ.

ಈ ಅಪಘಾತದ ಸುತ್ತ ಕಥೆಗಳು ಬೆಳೆದದ್ದು ನೋಡಬೇಕು. ಗುರುವಿನ ಕಾರ್ಯದರ್ಶಿಯ ಹಾಗಿದ್ದವಳು ಒಲ್ಗಾ ಡಿ ಹಾರ್ಟ್‌ಮನ್, ಸಂಗೀತಗಾರ ಥಾಮಸ್ ಡಿ ಹಾರ್ಟ್‌ಮನ್‌ನ ಹೆಂಡತಿ. ಆ ದಿನ ಗುರು ಆಕೆಯನ್ನು ತನ್ನ ಜೊತೆ ಕಾರಿನಲ್ಲಿ ಕರೆದುಕೊಂಡು ಬರದೆ ರೈಲಿನಲ್ಲಿ ಬಾ ಅಂದಿದ್ದ. ಅವತ್ತೇ ಆಕೆ ಹೆಸರಿಗೆ ಅಧಿಕಾರಪತ್ರ ಮಾಡಿಕೊಟ್ಟಿದ್ದ. ಕಾರಿನ ಸ್ಟೀರಿಂಗ್ ಸರಿಯಾಗಿ ನೋಡು ಅಂತ ಮೆಕ್ಯಾನಿಕ್‌ಗೆ ಹೇಳು ಅಂದಿದ್ದ. ಆ ಮಧ್ಯಾಹ್ನ ಆಕೆ ಪ್ಯಾರಿಸ್‌ನಲ್ಲಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾಗ ಗುರುವಿನ ದನಿ ತನ್ನನ್ನು ಕರೆದದ್ದು ಕೇಳಿಸಿತಂತೆ. ಅಪಘಾತದ ಜಾಗದಲ್ಲಿ ಗುರುವಿನ ತಲೆ ಕೆಳಗೆ ಕಾರಿನ ಸೀಟಿನ ದಿಂಬು ಇತ್ತು, ಅದನ್ನು ಅವನೇ ಇಟ್ಟುಕೊಂಡನಾ ಅಂತ ಇನ್ನೊಂದು ವಿಸ್ಮಯ. ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿದರೆ ಗುರುವಿಗೆ ಮೊದಲೇ ಎಲ್ಲ ಗೊತ್ತಿತ್ತು ಅಂತ ಆಗುತ್ತದೆ. ಹುಡುಗನ ಹತ್ತಿರ ಮಾತು ತೆಗೆದುಕೊಂಡದ್ದೂ ಅದೇ ದಾರದ ಇನ್ನೊಂದು ಮಣಿ.

ಆದರೆ ಅದೇ ಶಿಷ್ಯರು ಇನ್ನೊಂದು ಸಂಗತಿಯನ್ನೂ ಬರೆದಿಟ್ಟಿದ್ದಾರೆ. ಗುರ್ಜಿಯೆಫ್ ಕಾರು ಓಡಿಸುವ ರೀತಿಗೆ ಪಕ್ಕ ಕೂತವರು ಜೀವ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಹಾಗೆ ಓಡಿಸುವವನು ಹೊರಡುವ ಮೊದಲು ಸ್ಟೀರಿಂಗ್ ಸರಿ ಇದೆಯಾ ನೋಡು ಅಂದರೆ ಅದಕ್ಕೆ ದಿವ್ಯದೃಷ್ಟಿ ಬೇಕಾಗಿಲ್ಲ. ದಿವ್ಯದೃಷ್ಟಿ ಇದ್ದಿದ್ದರೆ ಅವನೂ ರೈಲಿನಲ್ಲಿ ಬರುತ್ತಿದ್ದ, ಅಲ್ವಾ? ಶಿಷ್ಯರಿಗೆ ಈ ಮಾತು ಹೇಳಿದರೆ ಕರ್ಮ, ತಪ್ಪಿಸಲಾಗದ ಶಕ್ತಿ ಅಂತ ಏನೋ ಶುರು ಮಾಡುತ್ತಾರೆ. ಇರಲಿ.

ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಗುರ್ಜಿಯೆಫ್ ತನ್ನ ಸಿಟ್ಟನ್ನು ಮುಚ್ಚಿಟ್ಟವನಲ್ಲ, ಅದಕ್ಕೊಂದು ಸಿದ್ಧಾಂತವನ್ನೇ ಕೊಟ್ಟ. ಎದುರಿಗೆ ಬಂದ ಪ್ರತಿಯೊಬ್ಬನ ಕಾಲಿನಲ್ಲೂ ಒಂದು ಆಣಿ ಇರುತ್ತದೆ, ಜಾಸ್ತಿ ನೋಯುವ ಆಣಿ ಯಾವುದು ಅಂತ ಹುಡುಕಿ ಅದನ್ನೇ ತುಳಿಯುವುದು ತನ್ನ ನಿಯಮ ಅಂತ ಬರೆದುಕೊಂಡಿದ್ದಾನೆ. ನೋವಿಗೆ ಮನುಷ್ಯನ ಮುಖವಾಡ ಕಳಚುತ್ತದಂತೆ. ಇದಕ್ಕೆ ಪೀಟರ್ಸ್ ಕೊಡುವ ಒಂದು ಉದಾಹರಣೆ ನನಗೆ ಯಾವಾಗಲೂ ನಗು ತರಿಸುತ್ತದೆ. ಪ್ರಿಯೂರೆಯಲ್ಲಿ ಒಬ್ಬ ವಯಸ್ಸಾದ ರಷ್ಯನ್ ವಕೀಲ ಇದ್ದ. ಬೆಳಗಿನಿಂದ ರಾತ್ರಿವರೆಗೂ ಗೊಣಗಾಟ. ಊಟ ಸರಿಯಿಲ್ಲ, ಚಳಿ ಜಾಸ್ತಿ, ಮಕ್ಕಳು ಸರಿಯಿಲ್ಲ. ಒಂದು ಸಲ ರೇಗಿ ಪ್ಯಾರಿಸ್‌ಗೆ ಹೊರಟೇಹೋದ. ಎಲ್ಲರೂ ಉಸ್ಸಪ್ಪಾ ಅಂದುಕೊಂಡರು. ಗುರು ಮಾತ್ರ ಹಿಂದೆಯೇ ಹೋಗಿ, ದುಡ್ಡು ಕೊಟ್ಟು ಒಪ್ಪಿಸಿ, ವಾಪಸ್ ಕರೆದುಕೊಂಡು ಬಂದ. ಈ ಮನುಷ್ಯನ ಹಾಗೆ ಎಲ್ಲರನ್ನೂ ಕೆರಳಿಸುವವರು ಸಿಗುವುದು ಕಷ್ಟ, ನನಗೆ ಇವನು ಬೇಕು ಅಂದನಂತೆ. ಇವನಿಂದ ಬೇರೆಯವರಿಗೆ ಆಗುವ ಕಿರಿಕಿರಿಯೇ ಅವರ ಪಾಠ!

ಹೊಸದೇನಲ್ಲ ಇದು. ನಮ್ಮ ಕಡೆ ಅವಧೂತರ ಬಾಯಲ್ಲಿ ಬೈಸಿಕೊಂಡರೆ ನಿಂತ ಕೆಲಸ ಆಗುತ್ತದೆ ಅಂತ ಹಣ್ಣುಕಾಯಿ ಹಿಡಿದು ಹೋಗುವವರು ಎಷ್ಟು ಜನ ಇಲ್ಲ. ಕಲ್ಲು ಬೀಸಿದರೆ ಇನ್ನೂ ಒಳ್ಳೇದು. ಬೀಸಿದ ಕಲ್ಲು ಬೇರೆಯವನಿಗೆ ಬಿದ್ದರೆ ಅವನ ಪುಣ್ಯ. ಒಬ್ಬ ದೂರ್ವಾಸನನ್ನು ಮನೆಗೆ ಕರೆಯಲು ಹೆದರುವವರೇ ಇನ್ನೊಬ್ಬನನ್ನು ಹುಡುಕಿಕೊಂಡು ಹೋಗುತ್ತಾರೆ.

ಒರಾಜ್ ಹಾಗೆ ಹುಡುಕಿಕೊಂಡು ಹೋದವರಲ್ಲಿ ಒಬ್ಬ. ಮೊದಲು ಬಂದಾಗ ಆತನ ಕೈಗೆ ಸಿಕ್ಕಿದ್ದು ಸಲಿಕೆ. ಬದುಕೆಲ್ಲ ಪೆನ್ನು ಹಿಡಿದವನು, ವಯಸ್ಸು 50ರ ಹತ್ತಿರ, ಗುಂಡಿ ತೋಡಬೇಕು. ವಿಪರೀತ ಬೀಡಿಸಿಗರೇಟಿನ ಮನುಷ್ಯ, ಅದನ್ನೂ ಬಿಡಿಸಿದರು. ಬೆನ್ನು ಮುರಿದು ರಾತ್ರಿ ಕೋಣೆಯಲ್ಲಿ ಕೂತು ಅತ್ತದ್ದನ್ನು ಆಮೇಲೆ ತಾನೇ ಹೇಳಿಕೊಂಡಿದ್ದಾನೆ. ಕೊನೆಗೆ ಹಟ ಹಿಡಿದು ಇನ್ನೂ ಜೋರಾಗಿ ತೋಡಿದ, ಒಂದು ದಿನ ಅದೇ ಕೆಲಸ ಹಿತ ಅನ್ನಿಸತೊಡಗಿತು. ಆಗ ಗುರು ಬಂದು, ತೋಡಿದ್ದು ಸಾಕು, ಬಾ ಕಾಫಿ ಕುಡಿಯೋಣ ಅಂದ. ಅವತ್ತಿನಿಂದ ಒರಾಜ್ ಅವನ ಬಲಗೈ. 1924ರಿಂದ ನ್ಯೂಯಾರ್ಕಿನಲ್ಲಿ ಗುಂಪು ಕಟ್ಟಿದ, ದುಡ್ಡು ಕೂಡಿಸಿ ಕಳಿಸಿದ, ಗುರು ಬರೆದದ್ದನ್ನು ಓದುವಂಥ ಇಂಗ್ಲಿಷಿಗೆ ತಂದ. ಕಿಟಕಿ ಹತ್ತಿರ ಬಿಳಿಚಿಕೊಂಡು ನಿಂತು ಬೈಸಿಕೊಂಡವನು ಈ ಮನುಷ್ಯ. ಉಪಕಾರಕ್ಕೆ ಇದು ಪ್ರತಿಫಲವಾ ಅಂತ ಕೇಳಿದರೆ, ಬಿಟ್ಟುಹೋಗದೆ ಉಳಿದ ಶಿಷ್ಯರು ಹೌದು, ಅತ್ಯಂತ ಹತ್ತಿರದವರಿಗೆ ಮಾತ್ರ ಆ ಭಾಗ್ಯ ಅನ್ನುತ್ತಾರೆ.

ಬಿಟ್ಟುಹೋದವರು ಏನಂದರು ಅನ್ನೋದು ಇನ್ನೂ ಕುತೂಹಲದ್ದು. ಔಸ್ಪೆನ್‌ಸ್ಕಿಯನ್ನು ತಗೊಳ್ಳಿ. ರಷ್ಯಾದ ಬರಹಗಾರ, ಲೆಕ್ಕಾಚಾರದ ಬುದ್ಧಿಯವನು, 1915ರಲ್ಲಿ ಮಾಸ್ಕೋದಲ್ಲಿ ಗುರ್ಜಿಯೆಫ್‌ನನ್ನು ಕಂಡ. 1916ರ ಆಗಸ್ಟಿನಲ್ಲಿ ಫಿನ್‌ಲ್ಯಾಂಡಿನ ಒಂದು ಹಳ್ಳಿಮನೆಯಲ್ಲಿ ರಾತ್ರಿ ಕೂತಿದ್ದಾಗ ಗುರು ಬಾಯಿ ತೆರೆಯದೆ ಮಾತಾಡಿದ್ದು ತನಗೆ ಎದೆಯೊಳಗೆ ಕೇಳಿಸಿತು, ತಾನು ಬಾಯಿಬಿಟ್ಟು ಉತ್ತರ ಕೊಟ್ಟೆ ಅಂತ ಬರೆದಿದ್ದಾನೆ. ಅದಕ್ಕೆ ಮೊದಲು ಉಪವಾಸ, ಉಸಿರಿನ ಅಭ್ಯಾಸ ಎಲ್ಲ ಜೋರಾಗಿ ನಡೆಸಿದ್ದ ಅನ್ನೋದನ್ನೂ ಅವನೇ ಪ್ರಾಮಾಣಿಕವಾಗಿ ಹೇಳುತ್ತಾನೆ. ಇದೇ ಔಸ್ಪೆನ್‌ಸ್ಕಿ 1924ರ ಜನವರಿಯಲ್ಲಿ ಗುರುವಿನ ಸಂಬಂಧ ಕಡಿದುಕೊಂಡ. ಲಂಡನ್ನಿನಲ್ಲಿ ತನ್ನ ಶಿಷ್ಯರು ಗುರ್ಜಿಯೆಫ್ ಹೆಸರೆತ್ತುವುದನ್ನೂ ನಿಲ್ಲಿಸಿದ. ವಿದ್ಯೆ ಬೇರೆ, ಮನುಷ್ಯ ಬೇರೆ ಅನ್ನೋದು ಅವನ ನಿಲುವು. ಆದರೆ ಫಿನ್‌ಲ್ಯಾಂಡಿನ ರಾತ್ರಿಯನ್ನು ಅವನು ಯಾವತ್ತೂ ವಾಪಸ್ ತೆಗೆದುಕೊಳ್ಳಲಿಲ್ಲ. 1947ರಲ್ಲಿ ಸತ್ತ ಮೇಲೆ ಅಚ್ಚಾದ ಬರಹದಲ್ಲೂ ಅದು ಹಾಗೇ ಇದೆ. ಹಾರ್ಟ್‌ಮನ್ ದಂಪತಿಯೂ ಅಷ್ಟೇ. 1929ರಲ್ಲಿ ಥಾಮಸ್‌ನನ್ನು ಗುರು ತಾನೇ ಇರಲಾಗದ ಹಾಗೆ ಮಾಡಿ ಕಳಿಸಿದ, ಒಲ್ಗಾ ಕೂಡ ಸ್ವಲ್ಪ ದಿನಕ್ಕೆ ದೂರವಾದಳು. ಆದರೂ ಕುರ್ಚಿಯಲ್ಲಿ ಕೇಳಿಸಿದ ದನಿಯ ಕಥೆ ಬಿಡಲಿಲ್ಲ.

ಗಮನಿಸಿ. ಮನುಷ್ಯನನ್ನು ಬಿಟ್ಟರು, ಪವಾಡ ಇಟ್ಟುಕೊಂಡರು. ನನಗೆ ಅನ್ನಿಸುವುದು ಹೀಗೆ: ಸಿಟ್ಟಿನ ವಿಷಯದಲ್ಲಿ ಅವರಿಗೆ ನಷ್ಟ ಇಲ್ಲ, ಅದು ಗುರುವಿನ ದೋಷ ಅಂತ ಹೇಳಿ ಹೊರಗೆ ಬರಬಹುದು. ಪವಾಡ ಸುಳ್ಳು ಅಂದರೆ ತಾನು ಕೊಟ್ಟ ವರ್ಷಗಳೇ ನೀರುಪಾಲು. ಅದಕ್ಕೆ ಯಾರಿಗೂ ಮನಸ್ಸು ಬರಲ್ಲ.

ತಮಾಷೆ ಅಂದರೆ, ಈ ವಿಷಯದಲ್ಲಿ ಶಿಷ್ಯರಿಗಿಂತ ಗುರುವೇ ಎಚ್ಚರದ ಮನುಷ್ಯ. 1923-24ರಲ್ಲಿ ಪ್ಯಾರಿಸ್, ನ್ಯೂಯಾರ್ಕಿನಲ್ಲಿ ನೃತ್ಯ ಪ್ರದರ್ಶನ ಕೊಟ್ಟಾಗ, ನಡುವೆ ತೋರಿಸುವುದರಲ್ಲಿ ಕೆಲವು ಟ್ರಿಕ್, ಕೆಲವು ಅರ್ಧ ಟ್ರಿಕ್, ಕೆಲವು ನಿಜವಾದ ಅತೀಂದ್ರಿಯ ಸಂಗತಿ, ಯಾವುದು ಯಾವುದು ನೀವೇ ಕಂಡುಕೊಳ್ಳಿ ಅಂತ ಸಾರಿದ್ದ. ಹರೆಯದಲ್ಲಿ ಗುಬ್ಬಚ್ಚಿ ಹಿಡಿದು ಬಣ್ಣ ಬಳಿದು ಅಮೆರಿಕದ ಹಕ್ಕಿ ಅಂತ ಮಾರಿ ಬದುಕಿದ್ದನ್ನು ಊಟದ ಮೇಜಿನ ಕಥೆಯ ಹಾಗೆ ಬರೆದುಕೊಂಡಿದ್ದಾನೆ. ಸಮ್ಮೋಹನ ವಿದ್ಯೆಯಿಂದ ಕುಡುಕರನ್ನೂ ಅಫೀಮಿನವರನ್ನೂ ಸರಿ ಮಾಡುತ್ತಿದ್ದೆ, ಆ ಶಕ್ತಿಯನ್ನು ಸ್ವಂತಕ್ಕೆ ಬಳಸಲ್ಲ ಅಂತ ಆಣೆ ಇಟ್ಟುಕೊಂಡೆ ಅಂತಲೂ ಹೇಳಿದ. ಈ ಆಣೆ ಎಂಥ ಚಾಲಾಕಿ ನೋಡಿ. ಶಕ್ತಿ ತೋರಿಸು ಅಂದರೆ ಆಣೆ ಇದೆ, ತೋರಿಸದಿದ್ದರೂ ಶಕ್ತಿ ಇದೆ.

ಈಗ ಮತ್ತೆ ನಮ್ಮ ಹುಡುಗನ ಹತ್ತಿರ. ಪೀಟರ್ಸ್ ಪ್ರಿಯೂರೆಯಲ್ಲಿ ಐದು ವರ್ಷ ಇದ್ದ. ಗುರುವಿನ ಕೋಣೆ ಗುಡಿಸುವುದು, ಒಲೆ ಹಚ್ಚುವುದು, ಕಾಫಿ ಕೊಡುವುದು ಅವನ ಪಾಲಿಗೆ ಬಂತು. ಸ್ನಾನದ ಮನೆಯನ್ನು ಗುರು ಎಷ್ಟು ಹೊಲಸು ಮಾಡಿರುತ್ತಿದ್ದ ಅಂದರೆ ಕೆಲವು ದಿನ ಗೋಡೆ ತೊಳೆಯಲು ಏಣಿ ಹಾಕಬೇಕಾಗುತ್ತಿತ್ತು. ಭಕ್ತರು ಇದನ್ನೂ ಬೇಕೆಂದೇ ಮಾಡಿದ ಪಾಠ ಅನ್ನಬಹುದು. ಏಣಿ ಹತ್ತಿದವನು ಹಾಗಂತ ಖಚಿತವಾಗಿ ಹೇಳಲ್ಲ. ಅವನ ಬರಹದಲ್ಲಿ ನನಗೆ ಇಷ್ಟವಾಗುವುದೇ ಇದು. 1929ರಲ್ಲಿ ಅಮೆರಿಕಕ್ಕೆ ಹೊರಟುಬಿಟ್ಟ.

ಕೆಲವು ವರ್ಷದ ಮೇಲೆ ಗುರ್ಜಿಯೆಫ್ ಅಮೆರಿಕಕ್ಕೆ ಬಂದಾಗ ನ್ಯೂಯಾರ್ಕ್‌ನಿಂದ ಶಿಕಾಗೋಗೆ ರೈಲಿನಲ್ಲಿ ಜೊತೆಗೆ ಹೋಗುವ ಸರದಿ ಇವನಿಗೆ ಬಂತು. ನಡುರಾತ್ರಿ ರೈಲು. ಮಲಗಿದ್ದವರನ್ನೆಲ್ಲ ಎಬ್ಬಿಸುವ ಹಾಗೆ ಗುರುವಿನ ಗಲಾಟೆ. ಮರುದಿನ ಸಿಗರೇಟಿನ ಹೊಗೆ, ಕುಡಿತ, ಗಬ್ಬುನಾರುವ ಚೀಸ್. ರೈಲಿನ ಊಟದ ಬೋಗಿಯಲ್ಲಿ ಕೂತು, ನನಗೆ ಈ ದೇಶದ ಊಟ ಜೀರ್ಣವಾಗಲ್ಲ, ಮೊಸರೇ ಬೇಕು ಅಂತ ಸಿಬ್ಬಂದಿಗೆ ಉದ್ದಕ್ಕೆ ವಿವರಿಸಿ, ಎಲ್ಲರನ್ನೂ ಓಡಾಡಿಸಿ, ಆಮೇಲೆ ದೊಡ್ಡ ಅಮೆರಿಕನ್ ಊಟವನ್ನೇ ತರಿಸಿ ಹೊಟ್ಟೆತುಂಬ ತಿಂದ. ಪೀಟರ್ಸ್‌ಗೆ ತಲೆ ಕೆಟ್ಟುಹೋಯಿತು. ಇಳಿದ ಮೇಲೆ ನಿನ್ನ ಸಹವಾಸ ಸಾಕು ಅಂದ. ಶಿಕಾಗೋದ ಶಿಷ್ಯರು ಮಾತ್ರ ಭಕ್ತಿಯಿಂದ ಸ್ಟೇಷನ್ನಿಗೆ ಬಂದಿದ್ದರು. ರೈಲಿನಲ್ಲಿ ಜೊತೆಗಿಲ್ಲದವರಿಗೆ ಭಕ್ತಿ ಸುಲಭ.

ಇಷ್ಟಾಗಿಯೂ 1945ರಲ್ಲಿ ಅದೇ ಪೀಟರ್ಸ್ ಅದೇ ಬಾಗಿಲು ತಟ್ಟಿದ. ಯುದ್ಧದಲ್ಲಿದ್ದ ಸೈನಿಕ, ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ತಲೆ ಹಿಡಿತದಲ್ಲಿಲ್ಲ. ಪ್ಯಾರಿಸ್‌ನ ಕರ್ನಲ್ ರೆನಾರ್ ಬೀದಿಯಲ್ಲಿ ಗುರುವಿನ ಪುಟ್ಟ ಮನೆ. ಗುರು ನೋಡಿದ ತಕ್ಷಣ ಮಾತಾಡಬೇಡ, ನಿನಗೆ ಹುಷಾರಿಲ್ಲ ಅಂದ. ಬಿಸಿ ಕಾಫಿ ಮಾಡಿ ಕೊಟ್ಟ. ಎದುರಿಗೆ ಕೂತು ದಿಟ್ಟಿಸಿ ನೋಡಿದ. ಆಗ ಗುರುವಿನ ಮೈಯಿಂದ ವಿದ್ಯುತ್ತಿನ ಹಾಗೆ ನೀಲಿ ಬೆಳಕು ಹೊರಟು ತನ್ನೊಳಗೆ ನುಗ್ಗಿತು, ಆಯಾಸವೆಲ್ಲ ಇಳಿದುಹೋಯಿತು ಅಂತ ಪೀಟರ್ಸ್ ಹೇಳುತ್ತಾನೆ. ಅದೇ ಹೊತ್ತಿಗೆ ಗುರು ಕುಸಿದ, ಮುಖ ಬೂದಿ ಬಣ್ಣಕ್ಕೆ ತಿರುಗಿತು, ಕಾಲೆಳೆಯುತ್ತಾ ಕೋಣೆಯಿಂದ ಹೊರಟುಹೋದ. ಸುಮಾರು ಕಾಲುಗಂಟೆಗೆ ವಾಪಸ್ ಬಂದಾಗ ಹರೆಯದವನ ಹಾಗಿದ್ದ. ಆಮೇಲೆ ಜನ ಬಂದಾಗ ಊಟವನ್ನು ಜೋರಾಗಿಯೇ ನಡೆಸಿಕೊಟ್ಟ.

ನಾನು ಈ ಬೆಳಕನ್ನು ಸುಳ್ಳು ಅಂತ ತಳ್ಳಿಹಾಕಲ್ಲ. ಪೀಟರ್ಸ್‌ಗೆ ಏನೋ ಆಗಿದೆ. ಎಷ್ಟೋ ದಿನ ಊಟ ನಿದ್ದೆ ಬಿಟ್ಟವನು, ಬಾಲ್ಯದಲ್ಲಿ ತಂದೆಯ ಜಾಗದಲ್ಲಿದ್ದವನ ಮನೆಗೆ ಬಂದು, ಆ ಮುದುಕ ಎಲ್ಲ ಬಿಟ್ಟು ತನ್ನನ್ನೇ ನೋಡುತ್ತಾ ಬಿಸಿ ಕಾಫಿ ಕೊಟ್ಟರೆ ಏನೂ ಆಗದಿದ್ದರೇ ಆಶ್ಚರ್ಯ. ಆದರೆ ಅದನ್ನು ಬರೆದದ್ದು ಸುಮಾರು 20 ವರ್ಷ ಆದ ಮೇಲೆ. ಒರಾಜ್ ಬೈಸಿಕೊಂಡ ದೃಶ್ಯ ಬರೆಯುವಾಗ ಹೆಚ್ಚುಕಮ್ಮಿ 40 ವರ್ಷ ಕಳೆದಿತ್ತು. ನೆನಪು ಅಷ್ಟು ದಿನ ಸುಮ್ನೆ ಕೂತಿರಲ್ಲ, ಒಳಗೊಳಗೇ ತಿದ್ದಿಕೊಳ್ಳುತ್ತಿರುತ್ತದೆ.

ಇನ್ನು ಆ ನಗು. ಪೀಟರ್ಸ್ ಕಂಡದ್ದನ್ನು ಪೂರ್ತಿ ನಂಬೋಣ. ಸಿಟ್ಟಿನ ನಡುವೆ ಮುಖ ಬದಲಿಸಿ ನಗುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಮನೆಯಲ್ಲಿ ರೇಗಾಡುತ್ತಿರುವವರು ಬಾಗಿಲಿಗೆ ನೆಂಟರು ಬಂದರೆ ಬನ್ನಿ ಬನ್ನಿ ಅನ್ನಲ್ವಾ? ಫೋನ್ ಬಂದರೆ ದನಿ ಬೆಣ್ಣೆ ಆಗಲ್ವಾ? ಅವರ ಸಿಟ್ಟು ಸುಳ್ಳಲ್ಲ. ಹೊರಗಿನವರಿಗೆ ತೋರಿಸಬಾರದು ಅನ್ನುವಷ್ಟು ಹಿಡಿತ ಅವರಿಗಿದೆ ಅಷ್ಟೇ. ಮತ್ತೆ, ಹಿಡಿತ ಇದ್ದೂ ಒಳಗಿನವನ ಮೇಲೆ ಅದನ್ನು ಬಳಸಲಿಲ್ಲ ಅಂದರೆ ಅದು ಇನ್ನೂ ಕೆಟ್ಟದ್ದು ಅನ್ನೋದು ನನ್ನ ಅಭಿಪ್ರಾಯ. ತಡೆಯಲಾಗದೆ ಬೈದವನಿಗೆ ಒಂದು ಕ್ಷಮೆ ಇದೆ. ನಗಬಲ್ಲವನು ನಿಲ್ಲಿಸಲೂಬಲ್ಲ. ಶಾಂತಿ ತುಂಬಿದ ಆ ಮುಖ ಕಾಫಿ ತಂದ ಹುಡುಗನಿಗೆ ಸಿಕ್ಕಿತು. ಕಿಟಕಿ ಹತ್ತಿರ ನಿಂತವನ ಪಾಲಿಗೆ ಮೊದಲಿನಿಂದ ಕೊನೆವರೆಗೂ ಬರೀ ಕೂಗಾಟ.

ಒರಾಜ್ ಏನಾದ? 1930ರ ಕೊನೆಯಲ್ಲಿ ಗುರ್ಜಿಯೆಫ್ ನ್ಯೂಯಾರ್ಕಿಗೆ ಬಂದು, ಒರಾಜ್ ಕಟ್ಟಿದ ಗುಂಪಿನವರ ಮುಂದೆ ಒಂದು ಕಾಗದ ಇಟ್ಟ. ಇನ್ನು ಮುಂದೆ ಒರಾಜ್ ಜೊತೆ ನಮಗೆ ಯಾವ ಸಂಬಂಧವೂ ಇಲ್ಲ ಅಂತ ಎಲ್ಲರೂ ಸಹಿ ಮಾಡಬೇಕು. ಕೆಲವರು ಅತ್ತರು, ಕೆಲವರು ಸಹಿ ಹಾಕಿದರು, ಕೆಲವರು ಎದ್ದುಹೋದರು. ಊರಿನಲ್ಲಿಲ್ಲದ ಒರಾಜ್ ವಾಪಸ್ ಬಂದವನು ವಿಷಯ ಕೇಳಿ, ಆ ಕಾಗದ ತರಿಸಿಕೊಂಡು, ತನ್ನನ್ನೇ ತಾನು ತಿರಸ್ಕರಿಸಿ ಸಹಿ ಹಾಕಿದ. ಇಡೀ ಪ್ರಕರಣದಲ್ಲಿ ಗುರುವಿನ ಮಟ್ಟಕ್ಕೆ ಯಾರಾದರೂ ಆಟ ಆಡಿದ್ದರೆ ಅದು ಈ ಒಂದು ಸಹಿ. 1931ರಲ್ಲಿ ಇಂಗ್ಲೆಂಡಿಗೆ ಹೋಗಿಬಿಟ್ಟ, ಮತ್ತೆ ಪತ್ರಿಕೆ ಶುರು ಮಾಡಿದ, ಗುರುವನ್ನು ಮತ್ತೆ ನೋಡಲಿಲ್ಲ. 1934ರ ನವೆಂಬರಿನಲ್ಲಿ ಬಿಬಿಸಿ ರೇಡಿಯೋದಲ್ಲಿ ಆರ್ಥಿಕ ವಿಷಯದ ಬಗ್ಗೆ ಮಾತಾಡಿ ಮನೆಗೆ ಬಂದು ಮಲಗಿದವನು ನಿದ್ದೆಯಲ್ಲೇ ಹೋದ. ಸುದ್ದಿ ತಲುಪಿದಾಗ ಗುರ್ಜಿಯೆಫ್ ಕಣ್ಣು ಒರೆಸಿಕೊಂಡು, ಇವನು ನನ್ನ ಒಡಹುಟ್ಟಿದವನು ಅಂದನಂತೆ. ಅದನ್ನು ನೋಡಿ ಬರೆದಿಟ್ಟದ್ದೂ ಒಬ್ಬ ಶಿಷ್ಯೆಯೇ.